ನೂರಕ್ಕೆ ನಾಲ್ಕು ಕೊಸರು

ನಾನು ತಪ್ಪು ಒಪ್ಪಿಕೊಳ್ಳುವ ಪೈಕಿ ಅಲ್ಲ. ಹೀಗಂತ ನನ್ನ ಹೆಂಡತಿ ವಿಶಾಲಮ್ಮ ನಲವತ್ತು ವರ್ಷದಿಂದ ಹೇಳುತ್ತಿದ್ದಾಳೆ, ಅದನ್ನೂ ನಾನು ಒಪ್ಪಿಕೊಂಡಿಲ್ಲ. ಅರಸೀಕೆರೆಯಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುವ ಯಾರನ್ನು ಬೇಕಾದರೂ ಕೇಳಿ, ಇಂದುಧರ ಎಣಿಸಿದ ರಾಶಿಯನ್ನು ಇನ್ನೊಂದು ಸಲ ಎಣಿಸುವುದಿಲ್ಲ ಅನ್ನುತ್ತಾರೆ. ಅಂಥವನ ಎಣಿಕೆಯಿಂದಲೇ ನಮ್ಮ ಮನೆಯ ಮಗು ಲೆಕ್ಕದಲ್ಲಿ ಎಡವಿತು. ಅದನ್ನು ಈಗ ಹೇಳಿಬಿಡುತ್ತೇನೆ. ಹೇಳದೆ ಇದ್ದರೆ ಏನಾಗುತ್ತದೆ ಅಂತ ನೋಡಿಯಾಗಿದೆ.

ಮೊಮ್ಮಗಳ ಹೆಸರು ಅಕ್ಷತಾ, ನನ್ನ ಬಾಯಲ್ಲಿ ಅಚ್ಚು. ಒಂದು ವರ್ಷ ಎಲ್‌ಕೆಜಿಗೆ ಹೋದಳು. ದಿನಾ ಒಂದರಿಂದ ನೂರರವರೆಗೆ ಬರೆಯಬೇಕು, ತಪ್ಪಿದರೆ ಮತ್ತೆ ಮೊದಲಿನಿಂದ. ಬರುಬರುತ್ತಾ ಮಗು ಪೆನ್ಸಿಲುಗಳನ್ನು ರಾಗಿ ಡಬ್ಬದೊಳಗೆ ಹೂತಿಡಲು ಶುರು ಮಾಡಿತು. ಹಿಟ್ಟು ಮಾಡಿಸೋಣ ಅಂತ ವಿಶಾಲಮ್ಮ ಡಬ್ಬ ಬಗ್ಗಿಸಿದ ದಿನ ರಾಗಿಯ ಜೊತೆ ಏಳು ಪೆನ್ಸಿಲು ಉದುರಿದವು. ಎಲ್ಲರೂ ನಕ್ಕೆವು, ಸೊಸೆ ಮೇಘಶ್ರೀ ನಗಲಿಲ್ಲ. "ಯುಕೆಜಿಗೆ ಕಳಿಸೋದಿಲ್ಲ. ಒಂದು ವರ್ಷ ಮನೆಯಲ್ಲೇ ನಾನೇ ಕಲಿಸ್ತೀನಿ" ಅಂದಳು.

ಮೇಘಶ್ರೀ ಹಳೇಬೀಡಿನ ಹುಡುಗಿ. ಅವಳಪ್ಪ ಅಲ್ಲಿ ಟೈಲರ್ ಅಂಗಡಿ ಇಟ್ಟವರು, ಕಾಲಿಂಚು ಹೆಚ್ಚುಕಡಿಮೆಯಾದರೂ ಹೊಲಿಗೆ ಬಿಚ್ಚಿ ಮತ್ತೆ ಹಾಕುವ ಮನುಷ್ಯ. ಮಗಳೂ ಅದೇ ಬಟ್ಟೆಯಲ್ಲಿ ಕತ್ತರಿಸಿದವಳು. ಮಾತು ಮೆತ್ತಗೆ, ಹಟ ಗಟ್ಟಿ. ಮದುವೆಗೆ ಮುಂಚೆ ಹಾಸನದಲ್ಲಿ ಮಾಂಟೆಸ್ಸೊರಿ ಟ್ರೈನಿಂಗ್ ಮಾಡಿದ್ದಳಂತೆ, ಮಕ್ಕಳ ಕೈಗೆ ಸಾಮಾನು ಕೊಟ್ಟು ಆಟದ ಹಾಗೆ ಕಲಿಸುವುದಂತೆ ಅದು. ನನ್ನ ಮಗ ಚನ್ನೇಶ "ನಿನ್ನಿಷ್ಟ" ಅಂದ. ಹೆಂಡತಿಗೆ ಅವನು ಬೇರೆ ಉತ್ತರ ಕೊಟ್ಟಿದ್ದನ್ನು ನಾನು ಕೇಳಿಲ್ಲ. ಮನೆಗೆ ಯಜಮಾನ ಅಂತ ಒಬ್ಬನಿದ್ದೇನಲ್ಲ, ನಾನು ಷರತ್ತು ಹಾಕಿದೆ.

"ಒಂದೇ ವರ್ಷ ಕಣಮ್ಮ. ಬರೋ ಮೇನಲ್ಲಿ ಒಂದನೇ ಕ್ಲಾಸಿಗೆ ಸೇರಿಸೋವಾಗ ಸ್ಕೂಲ್ನೋರು ಕೇಳಿದ್ದಕ್ಕೆ ಮಗು ಸರಿಯಾಗಿ ಹೇಳ್ಬೇಕು. ಹೇಳ್ಲಿಲ್ಲ ಅಂದ್ರೆ ನಿನ್ನ ಆಟದ ಸಾಮಾನೆಲ್ಲ ಅಟ್ಟಕ್ಕೆ, ಮಗು ಗಿಡ್ಡಯ್ಯ ಮೇಷ್ಟ್ರ ಟ್ಯೂಷನ್ನಿಗೆ."

ಗಿಡ್ಡಯ್ಯ ಮೇಷ್ಟ್ರ ಬೆತ್ತದ ಗುರುತು ಚನ್ನೇಶನ ಮೊಣಕೈ ಹತ್ತಿರ ಇವತ್ತಿಗೂ ಇದೆ. ಮೇಘಶ್ರೀ ಅದನ್ನು ಎಷ್ಟೋ ಸಲ ಸವರಿ ನೋಡಿದ್ದಾಳೆ. ಆದರೂ "ಆಗಲಿ ಮಾವ" ಅಂದಳು.

ಸಾಮಾನು ಅಂಗಡಿಯಿಂದ ಬರಲಿಲ್ಲ, ಮನೆಯಲ್ಲೇ ಹುಟ್ಟಿತು. ಬಡಗಿ ಕೆಂಚಯ್ಯನ ಕೈಲಿ ಹತ್ತು ಕೋಲು ಮಾಡಿಸಿದಳು, ಒಂದಕ್ಕಿಂತ ಒಂದು ನಾಲ್ಕಿಂಚು ಉದ್ದ, ಮೇಲೆ ಕೆಂಪು ನೀಲಿ ಪಟ್ಟೆ. ಮರ ಉಜ್ಜುವ ಉಪ್ಪುಕಾಗದದಲ್ಲಿ ಅಂಕಿ ಕತ್ತರಿಸಿ ರಟ್ಟಿಗೆ ಅಂಟಿಸಿದಳು, ಮಗು ಪೆನ್ಸಿಲು ಹಿಡಿಯುವುದಕ್ಕೆ ಮೊದಲು ಬೆರಳಲ್ಲಿ ಅಂಕಿಯನ್ನು ಸವರಬೇಕಂತೆ. ಸೊನ್ನೆಯಿಂದ ಒಂಬತ್ತರವರೆಗೆ ಗೂಡುಗಳಿರುವ ಡಬ್ಬ ಒಂದು, ಗೂಡಿಗೆ ತಕ್ಕಷ್ಟು ಕಡ್ಡಿ ಹಾಕುವುದಕ್ಕೆ. ಆ ಕಡ್ಡಿಗಾಗಿ ನಮ್ಮ ಹೊಸ ಪೊರಕೆ ಅರ್ಧಕ್ಕರ್ಧ ಖರ್ಚಾಯಿತು. ಆಮೇಲೆ ಹಳದಿ ಮಣಿ. ಬಿಡಿ ಮಣಿ ಅಂದರೆ ಒಂದು. ತಂತಿಗೆ ಹತ್ತು ಪೋಣಿಸಿದರೆ ಹತ್ತು. ಅಂಥ ಹತ್ತು ತಂತಿ ಪಕ್ಕಪಕ್ಕ ಕಟ್ಟಿದರೆ ಅಂಗೈಯಗಲದ ಚೌಕ, ಅದು ನೂರು. ಮಗು ನೂರನ್ನು ಕೈಯಲ್ಲಿ ಹಿಡಿದು ತೂಗಿ ನೋಡಬಹುದು.

"ಮಗ್ಗಿ ಬಾಯಿಪಾಠ ಮಾಡ್ಸೋದು ಬಿಟ್ಟು ಮಣಿ ಪೋಣಿಸ್ಕೊಂಡು ಕೂತವ್ಳಲ್ಲ" ಅಂತ ಆಡಿಕೊಂಡೆ. ಆದರೆ ಬೆಳಿಗ್ಗೆ ತಿಂಡಿಯಾದ ಮೇಲೆ ಅವಳು ನಡುಮನೆಯಲ್ಲಿ ಚಾಪೆ ಬಿಚ್ಚಿದ ಕೂಡಲೇ ನನ್ನ ಕುರ್ಚಿ ಯಾಕೋ ಬಾಗಿಲಿನಿಂದ ಒಳಕ್ಕೆ ಸರಿಯುತ್ತಿತ್ತು. ಒಂದು ದಿನ ಸೊನ್ನೆಯ ಪಾಠ. "ಅಚ್ಚು, ಅಡುಗೆಮನೆಯಿಂದ ಮೂರು ಚಮಚ ತಾ." ತಂದಳು. "ಒಂದು ತಾ." ತಂದಳು. "ಈಗ ಸೊನ್ನೆ ಚಮಚ ತಾ." ಮಗು ಗಂಭೀರವಾಗಿ ಅಡುಗೆಮನೆಗೆ ಹೋಯಿತು, ಅಲ್ಲಿ ಸ್ವಲ್ಪ ಹೊತ್ತು ನಿಂತಿತು, ಎರಡೂ ಕೈ ಮುಂದೆ ಚಾಚಿಕೊಂಡು ಏನೂ ಚೆಲ್ಲದ ಹಾಗೆ ನಡೆದು ಬಂದು ಖಾಲಿ ಕೈಯನ್ನು ಅಮ್ಮನ ಮಡಿಲಿಗೆ ಸುರಿಯಿತು. ನನಗೆ ಅರವತ್ತೇಳು ವರ್ಷ. ಸೊನ್ನೆ ಅಂದರೇನು ಅಂತ ನನಗೆ ಯಾರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಖುಷಿಯೂ ಆಯಿತು, ಹೊಟ್ಟೆಕಿಚ್ಚೂ ಆಯಿತು.

ಆ ಹೊಟ್ಟೆಕಿಚ್ಚೇ ನನ್ನನ್ನು ಮೇಷ್ಟ್ರು ಮಾಡಿದ್ದು. ಮಧ್ಯಾಹ್ನ ಊಟವಾದ ಮೇಲೆ ಮೇಘಶ್ರೀ ಒಂದು ಗಂಟೆ ಮಲಗುತ್ತಾಳೆ, ವಿಶಾಲಮ್ಮ ಟೀವಿ ಮುಂದೆ ಕೂತೇ ನಿದ್ದೆ ಮಾಡುತ್ತಾಳೆ. ಮನೆಯ ಹಿಂದೆಯೇ ನಮ್ಮ ಕಾಯಿ ಗೋಡೌನು. ಒಂದು ಸಲ ಅಲ್ಲಿ ರಾಶಿ ಜಾರಿ ನನ್ನ ಕಾಲಿಗೇ ಪೆಟ್ಟಾಗಿತ್ತು. ಅವತ್ತಿನಿಂದ ಮಗುವನ್ನು ಗೋಡೌನಿಗೆ ಕರೆದುಕೊಂಡು ಹೋಗಕೂಡದು ಅಂತ ಸೊಸೆಯ ಕಟ್ಟಪ್ಪಣೆ. ನಾನು ಅಚ್ಚುವನ್ನು ಹಿತ್ತಲ ಬಾಗಿಲಿನಿಂದ ಮೆಲ್ಲಗೆ ಕರೆದುಕೊಂಡು ಹೋಗುತ್ತಿದ್ದೆ.

"ಅಮ್ಮಂಗೆ ಹೇಳ್ಬೇಡ ಕಣವ್ವ. ಯಾರು ಕೇಳಿದ್ರೂ ಹೇಳ್ಬೇಡ. ಇದು ನಂದೂ ನಿಂದೂ ಗುಟ್ಟು."

"ಹೇಳಲ್ಲ ತಾತ."

ಕಾಯಿ ಎಣಿಸುವುದು ನೋಡಲು ಚೆಂದ. ಒಂದೊಂದು ಕೈಗೆ ಎರಡೆರಡು ಕಾಯಿ, ಅಲ್ಲಿಗೆ ಒಂದು ಎಸೆತಕ್ಕೆ ನಾಲ್ಕು. ಇಪ್ಪತ್ತೈದು ಎಸೆತ ಆದರೆ ನೂರು. ಆದರೆ ನಮ್ಮ ಅಪ್ಪ ಅಲ್ಲಿಗೆ ನಿಲ್ಲಿಸುತ್ತಿರಲಿಲ್ಲ, ನಾನೂ ನಿಲ್ಲಿಸುವುದಿಲ್ಲ. ಕಾಯಿಯ ಒಳಗೆ ಏನಿದೆ ಅಂತ ಒಡೆಯುವವರೆಗೆ ಯಾರಿಗೂ ಗೊತ್ತಿಲ್ಲ. ಒಂದು ಕೊಳೆತಿರಬಹುದು, ಒಂದರಲ್ಲಿ ನೀರೇ ಇಲ್ಲದಿರಬಹುದು. ಕೊಂಡವನು ನೊಂದುಕೊಳ್ಳಬಾರದು ಅಂತ ಇಪ್ಪತ್ತಾರನೆಯ ಎಸೆತವೂ ಅದೇ ರಾಶಿಗೆ ಬೀಳುತ್ತದೆ. ಅದು ಕೊಸರು. ಎಣಿಸುವಾಗ ಅದಕ್ಕೆ ಅಂಕಿ ಹೇಳುವುದಿಲ್ಲ, ಸುಮ್ಮನೆ ಹಾಕಿ ಮುಂದಿನ ನೂರಕ್ಕೆ ಕೈ ಹಾಕುವುದು. ಅಚ್ಚುವಿನ ಕೈಗೆ ಒಂದೊಂದೇ ಕಾಯಿ ಹಿಡಿಯುತ್ತಿತ್ತು. ಅವಳು ಎರಡೆರಡಾಗಿ ಎಣಿಸಿ ನೂರಕ್ಕೆ ಬಂದು ನಿಂತರೆ ನಾನು ಬಿಡುತ್ತಿರಲಿಲ್ಲ.

"ಇನ್ನೂ ಆಗ್ಲಿಲ್ಲ. ಕೊಸರಿಲ್ಲದ ನೂರು ನೂರಲ್ಲ. ಇನ್ನು ನಾಲ್ಕು ಹಾಕು, ಈಗ ಆಯ್ತು ನೋಡು ನೂರು."

ಆರು ತಿಂಗಳು ಹೀಗೆ ಹೇಳಿಕೊಟ್ಟೆ. ಮಗುವಿಗೆ ನಾನು ಒಳ್ಳೆಯತನ ಕಲಿಸುತ್ತಿದ್ದೇನೆ ಅಂತ ಎದೆ ಉಬ್ಬಿಸಿಕೊಂಡು ಓಡಾಡುತ್ತಿದ್ದೆ. ಒಳ್ಳೆಯತನ ಕಲಿಸಿದ್ದೂ ನಿಜ. ಲೆಕ್ಕ ಕೆಡಿಸಿದ್ದೂ ನಿಜ.

ಸುಳಿವು ಸಿಗದೆ ಇರಲಿಲ್ಲ. ಒಂದು ಭಾನುವಾರ ಎಲ್ಲರೂ ಮಾಲೇಕಲ್ಲು ಬೆಟ್ಟ ಹತ್ತಿದೆವು. ಅಮ್ಮ ಮಗಳು ಮೆಟ್ಟಿಲು ಎಣಿಸಿಕೊಂಡು ಮುಂದೆ ಹೋಗುತ್ತಿದ್ದರು. ನೂರು ಬಂದ ಕೂಡಲೇ ಅಚ್ಚು ಬಾಯಿ ಮುಚ್ಚಿಕೊಂಡು ನಾಲ್ಕು ಮೆಟ್ಟಿಲು ಕುಪ್ಪಳಿಸಿ, ಮತ್ತೆ "ಒಂದು" ಅಂತ ಶುರು ಮಾಡಿದಳು. ಮೇಘಶ್ರೀ ಆಟ ಅಂದುಕೊಂಡಳು. ಮನೆಯಲ್ಲಿ ಚಾಪೆಯ ಮೇಲೆ ನೂರರ ಚೌಕ ಇಟ್ಟಾಗಲೂ ಮಗು ಪಕ್ಕದಲ್ಲಿ ನಾಲ್ಕು ಬಿಡಿ ಮಣಿ ಇಡುತ್ತಿತ್ತಂತೆ, ಅಲಂಕಾರ ಇರಬೇಕು ಅಂತ ಅವಳು ತೆಗೆದು ಡಬ್ಬಕ್ಕೆ ಹಾಕುತ್ತಿದ್ದಳಂತೆ. ನೂರರಿಂದ ಮುಂದಕ್ಕೆ ಪಾಠ ಇನ್ನೂ ಹೋಗಿರಲಿಲ್ಲ. ಬೆಟ್ಟದ ಮೇಲೆ ನಾನೊಬ್ಬನೇ ಅದನ್ನು ಅರ್ಥ ಮಾಡಿಕೊಂಡವನು. ನನ್ನ ಶಿಷ್ಯೆ ಎಷ್ಟು ಚುರುಕು ಅಂತ ಮೀಸೆಯಡಿ ನಕ್ಕು ಸುಮ್ಮನಾದೆ.

ಮೇ ತಿಂಗಳು ಬಂತು. ಶಾಲೆಗೆ ಮೇಘಶ್ರೀ, ಅಚ್ಚು, ಜೊತೆಗೆ ನಾನು. ಹೆಡ್ ಮಿಸ್ ಜಾನಕಮ್ಮ ಅಂತ, ನೆರೆತ ಕೂದಲಿನ ಸಮಾಧಾನದ ಹೆಂಗಸು. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆಸರು, ಬಣ್ಣ, ಹಣ್ಣು ಎಲ್ಲ ಕೇಳಿದರು. ಅಚ್ಚು ಪಟಪಟ ಹೇಳಿದಳು. ಆಮೇಲೆ ಅವರು ಹತ್ತು ಹತ್ತು ಕಡ್ಡಿಯ ಕಟ್ಟುಗಳು, ಒಂದಷ್ಟು ಬಿಡಿ ಕಡ್ಡಿ ಮೇಜಿನ ಮೇಲೆ ಹಾಕಿ, "ಎಲ್ಲಿ, ನಂಗೆ ನೂರು ಕಡ್ಡಿ ಕೊಡು" ಅಂದರು. ನಮ್ಮ ಹುಡುಗಿ ಒಂದೊಂದೇ ಕಟ್ಟು ಎತ್ತಿಟ್ಟು ಹತ್ತು ಕಟ್ಟು ಮಾಡಿದಳು. ಮೇಘಶ್ರೀಯ ಮುಖ ಅರಳಿತು. ಆಮೇಲೆ ಮಗು ನಾಲ್ಕು ಬಿಡಿ ಕಡ್ಡಿ ಆರಿಸಿ ಅದರ ಮೇಲೆ ಜೋಡಿಸಿತು.

"ನಾಲ್ಕು ಜಾಸ್ತಿ ಆಯ್ತಲ್ಲ ಪುಟ್ಟ?"

"ಇಲ್ಲ ಮಿಸ್. ಅದು ಸೇರಿದ್ರೇನೇ ನೂರು."

"ಹೌದಾ? ಹಾಗಾದ್ರೆ ನೂರು ಆದ್ಮೇಲೆ ಏನು ಬರತ್ತೆ?"

"ಇನ್ನೊಂದು ನೂರು. ಒಂದು, ಎರಡು..."

ಜಾನಕಮ್ಮ ಮೇಘಶ್ರೀಯನ್ನು ನೋಡಿದರು. ಅವಳ ಮುಖ ಬಿಳಿಚಿಕೊಂಡಿತ್ತು. "ಹೀಗಂತ ಯಾರಮ್ಮ ಹೇಳ್ಕೊಟ್ಟಿದ್ದು? ಅಮ್ಮನಾ?" ಅಂತ ಮಿಸ್ ಮೃದುವಾಗಿಯೇ ಕೇಳಿದರು. ಅಚ್ಚು ಅಮ್ಮನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ತುಟಿ ಬಿಗಿಯಾಗಿ ಮುಚ್ಚಿಕೊಂಡಳು. ಅಲ್ಲಿಂದಾಚೆಗೆ ಏನು ಕೇಳಿದರೂ ಬಾಯಿ ಬಿಡಲಿಲ್ಲ, ಕೈಗೆ ಎಷ್ಟು ಬೆರಳು ಅಂತ ಕೇಳಿದರೂ ಇಲ್ಲ. ನಾನು ಕುರ್ಚಿಯ ಕೈ ಹಿಡಿದುಕೊಂಡು ಕೂತಿದ್ದೆ. ಒಂದು ಮಾತು ಸಾಕಿತ್ತು. ಆಡಲಿಲ್ಲ. ಜಾನಕಮ್ಮ, "ಬುದ್ಧಿವಂತ ಮಗು. ಆದ್ರೆ ಬುನಾದಿಯಲ್ಲೇ ಏನೋ ಗೊಂದಲ ಇದೆ. ಈ ವರ್ಷ ಯುಕೆಜಿ ಮಾಡಿಸಿ" ಅಂದರು.

ಆಟೋದಲ್ಲಿ ಮೇಘಶ್ರೀ ಮಗಳನ್ನು ಬೈಯಲಿಲ್ಲ. ಯಾರು ಹೇಳಿಕೊಟ್ಟರು ಅಂತ ಒಂದೇ ಸಲ ಕೇಳಿದಳು. ಮಗು ಹೊರಗೆ ನೋಡುತ್ತಾ ಕೂತಿತು. "ನಾನೇ ಎಲ್ಲೋ ತಪ್ಪಾಗಿ ತೋರಿಸಿರ್ಬೇಕು ಮಾವ. ಆ ನಾಲ್ಕು ಮಣಿ ಕಣ್ಣಿಗೆ ಬಿದ್ದಾಗ್ಲೇ ವಿಚಾರಿಸ್ಬೇಕಿತ್ತು" ಅಂದಳು. ನಾನು "ಹೋಗ್ಲಿ ಬಿಡಮ್ಮ" ಅಂದೆ. ದೊಡ್ಡ ಮನಸ್ಸಿನವನ ಹಾಗೆ ಅಂದೆ. ಅದನ್ನು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಮೂರು ದಿನ ಕಳೆಯಿತು. ಮೇಘಶ್ರೀ ಚಾಪೆ ಬಿಚ್ಚಲಿಲ್ಲ. ಒಂದು ಸಲ ಮಾತ್ರ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಎಣಿಸು ಅಂದಳು. ಅಚ್ಚು ಚೆನ್ನಾಗಿಯೇ ಎಣಿಸಿಕೊಂಡು ಬಂದು ತೊಂಬತ್ತೊಂಬತ್ತಕ್ಕೆ ನಿಂತುಬಿಟ್ಟಳು. ಮುಂದಿನ ಅಂಕಿ ಹೇಳಲಿಲ್ಲ. ಮೇಘಶ್ರೀಗೆ ಅದು ಹೆದರಿಕೆಯಂತೆ ಕಂಡಿತು, ಮತ್ತೆ ರಾಗಿ ಡಬ್ಬದ ಕಾಲ ಬಂತು ಅಂತ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನಗೆ ಗೊತ್ತಿತ್ತು, ಅದು ಹೆದರಿಕೆ ಅಲ್ಲ. ನೂರು ಅಂದರೆ ಕೊಸರಿನ ಮಾತು ಬರುತ್ತದೆ, ಕೊಸರು ಅಂದರೆ ಗೋಡೌನು ಬರುತ್ತದೆ. ಮಗು ನನ್ನನ್ನು ಕಾಯುತ್ತಾ ನಿಂತಿತ್ತು.

ಮಧ್ಯಾಹ್ನ ಊಟಕ್ಕೆ ಕೂತಾಗ ವಿಶಾಲಮ್ಮ, "ಯಾರೋ ಮಗೀಗೆ ಇಲ್ಲದ್ದು ತಲೆಗೆ ತುಂಬವ್ರೆ" ಅಂದಳು.

"ನನ್ನ ಮಕ ಯಾಕೆ ನೋಡ್ತೀಯಾ?" ಅಂದೆ.

"ನಿಮ್ಮನ್ನೆಲ್ಲಿ ನೋಡ್ದೆ? ಸಾರು ಸಾಕಾಯ್ತದಾ ಅಂತ ನೋಡ್ತಿದ್ದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಕತೆ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅಂತ ಒಂದು ಉಪಾಯ ಮಾಡಿದೆ. ನಾಲ್ಕನೆಯ ದಿನ ಬೆಳಿಗ್ಗೆ ಮನೆಯಲ್ಲಿ ಹೇಳದೆ ಒಬ್ಬನೇ ಶಾಲೆಗೆ ಹೋಗಿ ಜಾನಕಮ್ಮನ ಮುಂದೆ ಎಲ್ಲ ಹೇಳಿದೆ. ಗೋಡೌನು, ಎಸೆತ, ಕೊಸರು, ಗುಟ್ಟು. ಹೇಗೂ ಹೊರಗಿನವರು, ಅವರ ಮುಂದೆ ಮಾನ ಹೋದರೆ ಮನೆಯಲ್ಲಿ ಉಳಿಯುತ್ತದೆ ಅನ್ನುವ ಲೆಕ್ಕ. ಅವರು ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿದರು.

"ನಾಳೆ ಹತ್ತು ಗಂಟೆಗೆ ಕರ್ಕೊಂಡು ಬನ್ನಿ, ಇನ್ನೊಂದು ಸಲ ಕೇಳ್ತೀನಿ. ಆದ್ರೆ ಯಜಮಾನ್ರೇ, ಮಗು ಬಾಯಿ ಬಿಟ್ರೆ ತಾನೇ ನಾನು ಕೇಳೋದು? ಅದರ ಬಾಯಿಗೆ ಬೀಗ ಹಾಕಿರೋದು ನೀವು. ನನ್ನ ಹತ್ರ ಬಂದು ಹೇಳಿದ್ರೆ ಅದು ತೆರೆಯಲ್ಲ. ಅವರಮ್ಮನ ಹತ್ರ ಹೇಳಿ, ಮಗು ಎದುರಿಗೇ ಹೇಳಿ."

ಮಾಡಿದ್ದುಣ್ಣೋ ಮಹರಾಯ. ಮರುದಿನ ಅಚ್ಚು ಶಾಲೆಯಲ್ಲಿ ಸಾಕು ಅನ್ನುವಷ್ಟು ಎಣಿಸಿದ್ದು, ಒಂದನೇ ಕ್ಲಾಸಿಗೆ ಸೇರಿದ್ದು ಎಲ್ಲ ಸಲೀಸಾಗಿ ಆಯಿತು. ಸಲೀಸಾಗದೆ ಇದ್ದದ್ದು ಅದರ ಹಿಂದಿನ ದಿನ, ನಾನೊಬ್ಬನೇ ಶಾಲೆಯಿಂದ ಮನೆಗೆ ಬಂದ ಮೇಲಿನ ಅರ್ಧ ಗಂಟೆ.

ಮೇಘಶ್ರೀ ನಡುಮನೆಯಲ್ಲಿ ರಟ್ಟಿನ ಪೆಟ್ಟಿಗೆ ಇಟ್ಟುಕೊಂಡು ಸಾಮಾನು ತುಂಬುತ್ತಿದ್ದಳು. ಕೋಲುಗಳು ಒಳಗೆ ಹೋಗಿದ್ದವು. ಉಪ್ಪುಕಾಗದದ ಅಂಕಿಗಳನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತುತ್ತಿದ್ದಳು.

"ಇದೇನಮ್ಮ?"

"ಅಟ್ಟಕ್ಕೆ ಮಾವ. ಮಾತು ಕೊಟ್ಟಿದ್ದೆನಲ್ಲ. ಸೋಮವಾರದಿಂದ ಟ್ಯೂಷನ್ನಿಗೆ ಕಳಿಸ್ತೀನಿ."

ಅಚ್ಚು ಅಡುಗೆಮನೆ ಬಾಗಿಲಲ್ಲಿ ವಿಶಾಲಮ್ಮನ ಸೆರಗು ಹಿಡಿದು ನಿಂತಿದ್ದಳು. ನಾನು ಚಪ್ಪಲಿ ಬಿಟ್ಟು ಒಳಗೆ ಬಂದು ಚಾಪೆಯ ಮೇಲೆ ಕೂತೆ. ನೆಲಕ್ಕೆ ಕೂತು ಎಷ್ಟೋ ವರ್ಷ ಆಗಿತ್ತು, ಮಂಡಿ ಎರಡೂ ದೂರು ಹೇಳಿದವು. ಪೆಟ್ಟಿಗೆಯಿಂದ ನೂರರ ಚೌಕ ತೆಗೆದು ನನ್ನ ಮುಂದೆ ಇಟ್ಟುಕೊಂಡೆ. ನಾಲ್ಕು ಬಿಡಿ ಮಣಿ ಆರಿಸಿ ಪಕ್ಕದಲ್ಲಿಟ್ಟೆ.

"ಮೇಘಾ, ಈ ನಾಲ್ಕು ನಂದು."

ಅವಳಿಗೆ ಅರ್ಥವಾಗಲಿಲ್ಲ. ನಾನು ಹೇಳತೊಡಗಿದೆ. ಮಧ್ಯಾಹ್ನ ನೀನು ಮಲಗಿದಾಗ ಹಿತ್ತಲ ಬಾಗಿಲಿಂದ ಕರೆದುಕೊಂಡು ಹೋಗುತ್ತಿದ್ದೆ ಅಂದೆ. ಆರು ತಿಂಗಳು ಅಂದೆ. ನಿನ್ನ ನೂರು ಸರಿಯಾಗಿತ್ತು, ನನ್ನ ನೂರು ವ್ಯಾಪಾರದ್ದು, ಮಗುವಿಗೆ ಅದರ ವ್ಯತ್ಯಾಸ ನಾನು ಹೇಳಲಿಲ್ಲ ಅಂದೆ. ಸ್ಕೂಲಿನಲ್ಲಿ ಅದು ನನ್ನ ಮುಖ ನೋಡಿದಾಗಲೂ ನಾನು ಬಾಯಿ ಬಿಡಲಿಲ್ಲ ಅಂದೆ. "ತಪ್ಪು ನಂದು ಕಣಮ್ಮ. ಹೊಟ್ಟೆಗೆ ಹಾಕ್ಕೋ." ಈ ಮಾತು ನನ್ನ ಬಾಯಲ್ಲಿ ಬಂದಿದ್ದು ಕೇಳಿ ವಿಶಾಲಮ್ಮ ಸೌಟು ಹಿಡಿದವಳು ಹಿಡಿದ ಹಾಗೇ ನಿಂತಳು.

ಮೇಘಶ್ರೀ ನೂರರ ವಿಷಯಕ್ಕೆ ಬೈಯುತ್ತಾಳೆ ಅಂತ ಕಾದಿದ್ದೆ.

"ಗೋಡೌನಿಗಾ ಮಾವ? ಆ ರಾಶಿ ಕೆಳಗಾ?"

"ರಾಶಿಯಿಂದ ದೂರ ಕೂರಿಸ್ತಿದ್ದೆ ಕಣಮ್ಮ."

"ನಿಮ್ಮ ಕಾಲಿಗೆ ಕಟ್ಟು ಹಾಕಿಸಿದ್ದು ನಾನು. ಎಷ್ಟು ದೂರ ಉರುಳಿ ಬಂದಿತ್ತು ಅಂತ ನಾನು ನೋಡಿದೀನಿ." ಕೈಲಿದ್ದ ಸೀರೆಯ ಗಂಟನ್ನು ಕೆಳಗಿಟ್ಟಳು. "ಮೂರು ದಿನದಿಂದ ನಂಗೆ ಕಲಿಸೋಕೆ ಬರಲ್ಲ ಅಂತ ನಾನು ಅಂದ್ಕೊಂಡಿದೀನಿ. ನೀವು ಅದೇ ಕುರ್ಚೀಲಿ ಕೂತು ಪೇಪರ್ ಓದ್ತಿದ್ರಿ."

ತಲೆ ತಗ್ಗಿಸಿ ಕೂತೆ. ಸೊಸೆ ನನಗೆ ಎದುರು ಮಾತಾಡಿದ್ದು ಅದೇ ಮೊದಲು, ಅದರಲ್ಲಿ ಒಂದಕ್ಷರವೂ ಹೆಚ್ಚಿರಲಿಲ್ಲ. ಆಮೇಲೆ ಅವಳು ಸೀರೆಯ ತುಂಡು ಬಿಚ್ಚಿ ಉಪ್ಪುಕಾಗದದ ಅಂಕಿಗಳನ್ನು ಮತ್ತೆ ಹೊರಗೆ ತೆಗೆದಳು. ಒಂದು, ಸೊನ್ನೆ, ನಾಲ್ಕು. ಆ ಮೂರನ್ನು ಸಾಲಾಗಿ ಜೋಡಿಸಿ, ನನ್ನ ನಾಲ್ಕು ಮಣಿಗಳನ್ನು ಚೌಕದ ಪಕ್ಕಕ್ಕೆ ಇನ್ನಷ್ಟು ನೇರವಾಗಿ ಸರಿಸಿದಳು. "ಇದು ನೂರಾ ನಾಲ್ಕು ಮಾವ. ಇದಕ್ಕೂ ಹೆಸರಿದೆ. ಸುಮ್ಮನೆ ಹಾಕೋದಲ್ಲ" ಅಂದಳು. ಸಿಟ್ಟು ಹೋಗಿರಲಿಲ್ಲ, ಆದರೆ ಪಾಠ ಶುರುವಾಗಿತ್ತು.

ಆಗ ಅಚ್ಚು ಅಜ್ಜಿಯ ಸೆರಗು ಬಿಟ್ಟು ಚಾಪೆಯ ಅಂಚಿಗೆ ಬಂದು ನಿಂತಳು. ಒಮ್ಮೆ ಅಮ್ಮನನ್ನು, ಒಮ್ಮೆ ನನ್ನನ್ನು ನೋಡಿದಳು.

"ತಾತ, ಈಗ ಹೇಳ್ಬೋದಾ?"

"ಹೇಳು ಕಣವ್ವ. ಎಲ್ಲಾನೂ ಹೇಳು. ಇನ್ಮೇಲೆ ಗುಟ್ಟು ಇಲ್ಲ."

ಮಗು ಗೋಡೌನಿನ ಮಾತು ಎತ್ತಲಿಲ್ಲ. ಎರಡು ಹೆಜ್ಜೆ ಇಟ್ಟು ನನ್ನ ಹತ್ತಿರ ಬಂದು, ತನ್ನ ಎರಡೂ ಕೈ ನನ್ನ ಹೆಗಲ ಮೇಲಿಟ್ಟು, ದೊಡ್ಡ ಕೆಲಸ ಮುಗಿಸಿ ಬಂದವಳ ಹಾಗೆ ಹೇಳಿದಳು, "ಮಿಸ್ ಕೇಳಿದ್ರು, ಹೇಳ್ಲಿಲ್ಲ. ಅಮ್ಮಾನೂ ಕೇಳಿದ್ಲು. ನಾನು ಯಾರ್ಗೂ ಹೇಳ್ಲಿಲ್ಲ ತಾತ."

ಶಭಾಷ್ ಅನ್ನುತ್ತೇನೆ ಅಂತ ಕಾದು ನಿಂತಿತ್ತು. ಅದರ ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ. ಅತ್ತವನು ನಾನು, ಸೊಸೆಯ ಎದುರಿಗೇ.